ಎರಡು ಸಲ ನಪಾಸಾದ ಗಾಲ್ವಾ

ಪ್ಯಾರಿಸ್ಸಿನ ಎಕೋಲ್ ಪಾಲಿತೆಕ್ನಿಕ್ ಎಂಬ ಕಾಲೇಜಿನ ಪ್ರವೇಶ ಪರೀಕ್ಷೆಗೆ 1828ರಲ್ಲಿ ಒಮ್ಮೆ, 1829ರಲ್ಲಿ ಇನ್ನೊಮ್ಮೆ ಕೂತು, ಎರಡು ಸಲವೂ ನಪಾಸಾದ ಹುಡುಗನೊಬ್ಬನ ಹೆಸರು ಇವತ್ತು ಗಣಿತದಲ್ಲಿ ಎಂ.ಎಸ್ಸಿ. ಮಾಡುವವರ ಪಠ್ಯದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅವನು ಎವರಿಸ್ತ್ ಗಾಲ್ವಾ. ಬದುಕಿದ್ದು ಇಪ್ಪತ್ತು ವರ್ಷ ಏಳು ತಿಂಗಳು. ಬಿಟ್ಟುಹೋದದ್ದು ಅಚ್ಚಿಗೆ ಹಾಕಿದರೆ ಸುಮಾರು ಅರವತ್ತು ಪುಟವಾಗುವಷ್ಟು ಗಣಿತ.

ಅವನ ಕಥೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಫೇಲಾದವರ ಸಮಾಧಾನಕ್ಕೆ ಹೇಳುತ್ತಾರೆ. ಗಾಲ್ವಾನಂಥವನೇ ನಪಾಸಾಗಿದ್ದನಂತೆ, ನಮ್ಮದೇನು ಮಹಾ ಅಂತ. ಕೇಳಲಿಕ್ಕೆ ಹಿತವಾಗಿದೆ. ಆದರೆ ಆ ಎರಡು ನಪಾಸುಗಳು ಅವನ ಬದುಕನ್ನು ಎಲ್ಲಿಗೆ ಒಯ್ದು ನಿಲ್ಲಿಸಿದವು ಅನ್ನುವುದು ಆ ಸಮಾಧಾನದಲ್ಲಿ ಬಿಟ್ಟುಹೋಗುತ್ತದೆ. ಆದ್ದರಿಂದ ಕಥೆಯನ್ನು ಮೊದಲಿನಿಂದ, ಸ್ವಲ್ಪ ಸಾವಕಾಶವಾಗಿ ನೋಡೋಣ.

ಗಾಲ್ವಾ ಹುಟ್ಟಿದ್ದು 1811ರ ಅಕ್ಟೋಬರ್ 25ರಂದು, ಪ್ಯಾರಿಸ್ಸಿಗೆ ಹತ್ತಿರದ ಬೂರ್-ಲಾ-ರೇನ್ ಎಂಬ ಚಿಕ್ಕ ಊರಿನಲ್ಲಿ. ತಂದೆ ನಿಕೊಲಾ ಗಾಬ್ರಿಯೆಲ್ ಗಾಲ್ವಾ ಆ ಊರಿನ ಮೇಯರ್. ರಾಜರ ಆಳ್ವಿಕೆಗಿಂತ ಜನರ ಆಳ್ವಿಕೆಯೇ ಮೇಲು ಅನ್ನುವ ಮನುಷ್ಯ, ತಮಾಷೆಯ ಪದ್ಯ ಕಟ್ಟಿ ನಾಲ್ಕು ಜನರನ್ನು ನಗಿಸುವವನು. ತಾಯಿ ಅದೆಲಾಯ್ದ್ ಮರೀ ದೆಮಾಂತ್ ಚೆನ್ನಾಗಿ ಓದಿಕೊಂಡವಳು. ಮಗನಿಗೆ ಹನ್ನೆರಡನೆಯ ವರ್ಷದವರೆಗೆ ಲ್ಯಾಟಿನ್, ಗ್ರೀಕ್ ಎಲ್ಲ ಮನೆಯಲ್ಲೇ ಅವಳೇ ಕಲಿಸಿದಳು. ಶಾಲೆ, ಮೇಷ್ಟ್ರು, ಬೆತ್ತ ಯಾವುದೂ ಗೊತ್ತಿಲ್ಲದೆ ಬೆಳೆದ ಹುಡುಗನನ್ನು 1823ರಲ್ಲಿ ಪ್ಯಾರಿಸ್ಸಿನ ಲೂಯಿ-ಲ-ಗ್ರಾಂ ಎಂಬ ದೊಡ್ಡ ಶಾಲೆಯ ಹಾಸ್ಟೆಲಿಗೆ ತಂದುಬಿಟ್ಟರು. ಮರುವರ್ಷದ ಆರಂಭದಲ್ಲೇ ಆ ಶಾಲೆಯ ಹುಡುಗರು ಆಡಳಿತದ ವಿರುದ್ಧ ತಿರುಗಿಬಿದ್ದರು. ರಾಜನ ಹೆಸರಿನಲ್ಲಿ ಪಾನಪಾತ್ರೆ ಎತ್ತಲು ಒಲ್ಲೆ ಅಂದದ್ದಕ್ಕೆ ಹಲವು ಹುಡುಗರನ್ನು ಶಾಲೆಯಿಂದ ಹಾಕಿದರು. ಗಾಲ್ವಾ ಆಗಿನ್ನೂ ಚಿಕ್ಕವನು, ಆ ಗಲಾಟೆಯಲ್ಲಿ ಇರಲಿಲ್ಲ. ಆದರೆ ಕಣ್ಣಾರೆ ಕಂಡ.

ಮೊದಮೊದಲು ಚೆನ್ನಾಗಿಯೇ ಓದಿದ. ಆಮೇಲೆ ತರಗತಿಯ ಪಾಠ ಬೇಸರವಾಗತೊಡಗಿತು. 1826ರಲ್ಲಿ ಶಾಲೆಯ ಮುಖ್ಯಸ್ಥರು, ಹುಡುಗನಿಗೆ ವಯಸ್ಸು ಸಾಲದು, ಇನ್ನೊಂದು ವರ್ಷ ಅದೇ ತರಗತಿಯಲ್ಲಿರಲಿ ಎಂದರು. ತಂದೆ ಒಪ್ಪದೆ ಮೇಲಿನ ತರಗತಿಗೇ ಕಳಿಸಿದ. ನಾಲ್ಕು ತಿಂಗಳು ಆಗುವುದರೊಳಗೆ, 1827ರ ಜನವರಿಯಲ್ಲಿ, ಹುಡುಗನನ್ನು ಮತ್ತೆ ಕೆಳಗಿನ ತರಗತಿಗೆ ಇಳಿಸಿದರು. ಹದಿನೈದು ವರ್ಷದ ಹುಡುಗನಿಗೆ ಗೆಳೆಯರೆಲ್ಲ ಮೇಲೆ ಕೂತಿರುವಾಗ ತಾನೊಬ್ಬ ಕೆಳಗೆ ಕೂರುವುದೆಂದರೆ ಹೇಗಿರುತ್ತದೆ, ನೀವೇ ಊಹಿಸಿ. ಓದಿದ ಪಾಠವನ್ನೇ ಮತ್ತೆ ಓದುವ ಬೇಸರದಲ್ಲಿ, ಹೊತ್ತು ಕಳೆಯಲೆಂಬಂತೆ, ಗಣಿತದ ತರಗತಿಗೆ ಹೆಸರು ಹಚ್ಚಿದ. ಅಲ್ಲಿ ಕೈಗೆ ಸಿಕ್ಕಿದ್ದು ಲೆಜಾಂದ್ರನ ರೇಖಾಗಣಿತದ ಪುಸ್ತಕ. ಅದನ್ನು ಕಾದಂಬರಿ ಓದಿದ ಹಾಗೆ ಓದಿ ಮುಗಿಸಿದನಂತೆ. ಅಲ್ಲಿಂದ ಮುಂದೆ ಪಠ್ಯಪುಸ್ತಕಗಳ ಗೊಡವೆಗೇ ಹೋಗಲಿಲ್ಲ. ನೇರವಾಗಿ ಲಗ್ರಾಂಜನಂಥ ದೊಡ್ಡ ಗಣಿತಜ್ಞರ ಮೂಲ ಬರಹಗಳಿಗೇ ಕೈ ಹಾಕಿದ. ಉಳಿದ ವಿಷಯಗಳ ಮೇಷ್ಟ್ರುಗಳ ವರದಿಗಳು ಒಂದೇ ಸಮನೆ ದೂರತೊಡಗಿದವು: ಹುಡುಗ ವಿಚಿತ್ರ, ಯಾರೊಂದಿಗೂ ಬೆರೆಯುವುದಿಲ್ಲ, ಗಣಿತದ ಹುಚ್ಚು ಹಿಡಿದಿದೆ, ಮನೆಯವರು ಇವನಿಗೆ ಅದೊಂದನ್ನೇ ಓದಿಸುವುದು ಒಳ್ಳೆಯದು ಅಂತ.

ಗಣಿತ ಓದಬೇಕೆಂದರೆ ಆಗ ಫ್ರಾನ್ಸಿನಲ್ಲಿ ಹೋಗಬೇಕಾದ ಜಾಗ ಎಕೋಲ್ ಪಾಲಿತೆಕ್ನಿಕ್. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಫ್ರೆಂಚ್ ಕ್ರಾಂತಿಗೆ ಮೊದಲು ಸೈನ್ಯದ ಎಂಜಿನಿಯರ್ ಆಗಬೇಕಾದರೆ ಬುದ್ಧಿಗಿಂತ ಮೊದಲು ವಂಶ ತೋರಿಸಬೇಕಿತ್ತು. ಗಾಸ್ಪಾರ್ ಮೊಂಜ್ ಎಂಬ ಮಹಾ ಜಾಣ ವ್ಯಾಪಾರಿಯ ಮಗನಾಗಿ ಹುಟ್ಟಿದ ತಪ್ಪಿಗೆ, ಮೆಜಿಯೇರ್ ಎಂಬಲ್ಲಿದ್ದ ಸೈನಿಕ ಶಾಲೆಯಲ್ಲಿ ಅಧಿಕಾರಿಗಳ ತರಗತಿಗೆ ಸೇರುವಂತಿರಲಿಲ್ಲ. ನಕ್ಷೆ ಬರೆಯುವವರ ಜೊತೆ ಕೂರಬೇಕಾಯಿತು. ಕ್ರಾಂತಿಯಾದ ಮೇಲೆ, 1794ರಲ್ಲಿ, ಇದೇ ಮೊಂಜ್ ಮತ್ತು ಅವನ ಜೊತೆಯವರು ಕಟ್ಟಿದ ಶಾಲೆ ಪಾಲಿತೆಕ್ನಿಕ್. ಅಲ್ಲಿ ವಂಶ, ಶಿಫಾರಸು ನಡೆಯದು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವನು ಒಳಗೆ. ಪರೀಕ್ಷಕರು ಊರೂರಿಗೆ ಹೋಗುತ್ತಿದ್ದರು. ಅಭ್ಯರ್ಥಿ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಲ್ಲಬೇಕು, ಅವರು ಕೇಳುವ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. 1798ರಲ್ಲಿ ಈ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ ಹುಡುಗ ಒಬ್ಬ ಮಾಜಿ ಸಿಪಾಯಿಯ ಮಗ. ಮುಂದೆ ಅವನೇ ಗಣಿತಜ್ಞ ಪ್ವಾಸೋಂ. ನಾವು ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಪಾಯ್ಸನ್ ಅಂತ ಓದುತ್ತೇವಲ್ಲ, ಅವನೇ. ಈ ಕಥೆಯಲ್ಲಿ ಅವನು ಇನ್ನೊಮ್ಮೆ ಬರುತ್ತಾನೆ.

ಅಂದರೆ ಪ್ರವೇಶ ಪರೀಕ್ಷೆ ಎಂಬುದು ಬಡವರ ಮಕ್ಕಳಿಗೆ ಬಾಗಿಲು ತೆರೆಯಲೆಂದೇ ಬಂದದ್ದು. ಇದನ್ನು ಮರೆಯಬಾರದು. ಹಾಗೆಂದು ಎಲ್ಲರಿಗೂ ತೆರೆಯಿತೆಂದೂ ಅಲ್ಲ. ಸೊಫೀ ಜೆರ್ಮೇನ್ ಎಂಬ ಹುಡುಗಿಗೆ ಹೆಣ್ಣು ಎಂಬ ಕಾರಣಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಅವಳು ಲ ಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ಲಗ್ರಾಂಜನಿಗೆ ಬರೆದು ಕಳಿಸಿ, ಮನೆಯಲ್ಲೇ ಕಲಿತು ಗಣಿತಜ್ಞೆಯಾದಳು. ಪಾಲಿತೆಕ್ನಿಕ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1972ರಲ್ಲಿ.

ಈ ಪರೀಕ್ಷೆಗೆ ಕೂರುವವರು ಸಾಮಾನ್ಯವಾಗಿ ವಿಶೇಷ ಗಣಿತದ ತರಗತಿಯಲ್ಲಿ ಒಂದು ವರ್ಷ ತಯಾರಿ ನಡೆಸುತ್ತಿದ್ದರು. ಇವತ್ತಿನ ಕೋಚಿಂಗ್ ಇದ್ದ ಹಾಗೆ ಅನ್ನಿ. ಗಾಲ್ವಾಗೆ ಅಷ್ಟು ತಾಳ್ಮೆ ಎಲ್ಲಿತ್ತು? ಒಂದು ವರ್ಷ ಹಿಂದಕ್ಕೆ ತಳ್ಳಿಸಿಕೊಂಡವನು ಈಗ ಒಂದು ವರ್ಷ ಮುಂದಕ್ಕೆ ಹಾರಲು ನೋಡಿದ. 1828ರ ಬೇಸಿಗೆಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆ ತರಗತಿಗೆ ಹೋಗದೆಯೇ ಪರೀಕ್ಷೆಗೆ ನಿಂತ. ನಪಾಸಾದ. ಪರೀಕ್ಷಕರು ಕೇಳುವ ಮಾಮೂಲಿ ವಿಷಯಗಳು ಅವನಿಗೆ ಬಾಯಿಪಾಠವಾಗಿರಲಿಲ್ಲ; ಅವನಿಗೆ ಗೊತ್ತಿದ್ದುದನ್ನು ಅವರು ಕೇಳುವ ಪದ್ಧತಿ ಇರಲಿಲ್ಲ. ಗಾಲ್ವಾಗೆ ಇದು ಅನ್ಯಾಯ ಅನ್ನಿಸಿತು. ಆದರೆ ಮನೆಯ ಅಡಿಪಾಯ ತೋರಿಸದೆ ಮೇಲಿನ ಮಾಳಿಗೆ ತೋರಿಸಲು ಹೋದವನನ್ನು ಪರೀಕ್ಷಕ ಹಿಂದೆ ಕಳಿಸಿದರೆ, ಅದನ್ನು ಪೂರಾ ಅನ್ಯಾಯ ಎನ್ನುವುದು ಕಷ್ಟ.

ಆ ವರ್ಷದ ಕೊನೆಗೆ ಅವನ ಬದುಕಿನಲ್ಲಿ ಒಂದು ಒಳ್ಳೆಯದೂ ನಡೆಯಿತು. ವಿಶೇಷ ಗಣಿತದ ತರಗತಿಯಲ್ಲಿ ಲೂಯಿ ರಿಶಾರ್ ಎಂಬ ಮೇಷ್ಟ್ರು ಸಿಕ್ಕರು. ರಿಶಾರ್ ಸ್ವತಃ ದೊಡ್ಡ ಸಂಶೋಧಕರಲ್ಲ, ಹೆಸರು ಮಾಡುವ ಆಸೆಯೂ ಅವರಿಗಿರಲಿಲ್ಲ. ಆದರೆ ತನಗಿಂತ ದೊಡ್ಡವನಾಗಬಲ್ಲ ಶಿಷ್ಯನನ್ನು ಕಂಡರೆ ಗುರುತು ಹಿಡಿಯುವ ಕಣ್ಣು ಅವರಿಗಿತ್ತು. ಈ ಹುಡುಗನನ್ನು ಪಾಲಿತೆಕ್ನಿಕ್‌ಗೆ ಪರೀಕ್ಷೆಯೇ ಇಲ್ಲದೆ ಸೇರಿಸಿಕೊಳ್ಳಬೇಕು ಅನ್ನುವುದು ಅವರ ಅಭಿಪ್ರಾಯವಾಗಿತ್ತು. ಗಾಲ್ವಾ ಬರೆದ ಮನೆಗೆಲಸದ ಹಾಳೆಗಳನ್ನು ಅವರು ಎಸೆಯದೆ ತೆಗೆದಿಟ್ಟುಕೊಂಡರು. 1829ರ ಏಪ್ರಿಲ್‌ನಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ, ಗೆರ್ಗೋನ್ ಎಂಬುವರು ನಡೆಸುತ್ತಿದ್ದ ಗಣಿತ ಪತ್ರಿಕೆಯಲ್ಲಿ ಗಾಲ್ವಾನ ಮೊದಲ ಲೇಖನ ಅಚ್ಚಾಯಿತು.

ಅವನ ತಲೆ ಹೊಕ್ಕಿದ್ದ ಪ್ರಶ್ನೆ ಯಾವುದೆಂದರೆ ಇದು. ವರ್ಗ ಸಮೀಕರಣ ಬಿಡಿಸುವ ಸೂತ್ರವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೇವೆ. ಮೂರನೆಯ ಮತ್ತು ನಾಲ್ಕನೆಯ ಘಾತದ ಸಮೀಕರಣಗಳಿಗೂ ಅಂಥ ಸೂತ್ರಗಳಿವೆ. ಹದಿನಾರನೆಯ ಶತಮಾನದ ಇಟಲಿಯವರು ಕಂಡುಹಿಡಿದದ್ದು. ಐದನೆಯ ಘಾತಕ್ಕೆ ಮಾತ್ರ ಸುಮಾರು ಮುನ್ನೂರು ವರ್ಷ ಯಾರಿಗೂ ಸೂತ್ರ ಸಿಗಲಿಲ್ಲ. ಸಾಮಾನ್ಯವಾಗಿ ಅಂಥ ಸೂತ್ರ ಇರಲು ಸಾಧ್ಯವೇ ಇಲ್ಲ ಎಂದು ನಾರ್ವೆಯ ಆಬೆಲ್ ಎಂಬ ಬಡ ತರುಣ 1824ರಲ್ಲಿ ಸಾಧಿಸಿದ. ಹಾಗಿದ್ದರೂ ಕೆಲವು ಸಮೀಕರಣಗಳನ್ನು ಬಿಡಿಸಬಹುದಲ್ಲ. ಯಾವುದನ್ನು ಬಿಡಿಸಬಹುದು, ಯಾವುದನ್ನು ಬಿಡಿಸಲಾಗದು ಅಂತ ಮೊದಲೇ ಹೇಳುವುದು ಹೇಗೆ? ಗಾಲ್ವಾ ಸಮೀಕರಣವನ್ನು ಬಿಡಿಸಲು ಹೋಗಲಿಲ್ಲ. ಅದರ ಮೂಲಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಅದಲುಬದಲು ಮಾಡಿದರೆ ಯಾವ ಸಂಬಂಧಗಳು ಕೆಡದೆ ಉಳಿಯುತ್ತವೆ ಅಂತ ನೋಡಿದ. ಹೀಗೆ ಕೆಡಿಸದೆ ಉಳಿಸುವ ಅದಲುಬದಲುಗಳೆಲ್ಲ ಸೇರಿ ಒಂದು ಗುಂಪು. ಆ ಗುಂಪಿನ ಒಳರಚನೆಯನ್ನು ನೋಡಿದರೆ ಸಮೀಕರಣದ ಜಾತಕವೇ ಸಿಗುತ್ತದೆ. ಇಂದಿನ ಗ್ರೂಪ್ ಥಿಯರಿಯ ಬೇರುಗಳಲ್ಲೊಂದು ಅಲ್ಲಿದೆ.

1829ರ ಮೇ ಮತ್ತು ಜೂನ್‌ನಲ್ಲಿ ಈ ವಿಷಯದ ಎರಡು ಪ್ರಬಂಧಗಳು ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಹೋದವು. ಅವುಗಳನ್ನು ಪರಿಶೀಲಿಸುವ ಕೆಲಸ ಮಹಾಗಣಿತಜ್ಞ ಕೋಶಿಯ ಪಾಲಿಗೆ ಬಂತು. ಹದಿನೇಳರ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು? ಎರಡನೆಯ ಸಲದ ಪ್ರವೇಶ ಪರೀಕ್ಷೆಯೂ ಹತ್ತಿರ ಬಂದಿತ್ತು, ಈ ಸಲ ತಯಾರಿಯೂ ಇತ್ತು.

ಅಷ್ಟರಲ್ಲಿ ಮನೆಯಲ್ಲಿ ಸಿಡಿಲು ಬಡಿಯಿತು. ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿಗೂ ಮೇಯರನಿಗೂ ಆಗಿಬರುತ್ತಿರಲಿಲ್ಲ. ಮೇಯರ್ ಪದ್ಯ ಕಟ್ಟುವವನೆಂದು ಎಲ್ಲರಿಗೂ ಗೊತ್ತು. ಅವನ ಹೆಸರಿನಲ್ಲಿ ಅವನ ನೆಂಟರನ್ನೇ ಹೀಯಾಳಿಸುವ ಹೊಲಸು ಪದ್ಯಗಳನ್ನು ಸೃಷ್ಟಿಸಿ ಊರಲ್ಲಿ ಹರಡಿದರು. ಆ ಮಾನಭಂಗವನ್ನು ತಾಳಲಾರದೆ, 1829ರ ಜುಲೈ 2ರಂದು, ತಂದೆ ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ, ಮಗ ಓದುತ್ತಿದ್ದ ಶಾಲೆಗೆ ಹತ್ತಿರದಲ್ಲೇ, ಆತ್ಮಹತ್ಯೆ ಮಾಡಿಕೊಂಡ. ಊರಿನಲ್ಲಿ ಶವಸಂಸ್ಕಾರದ ಹೊತ್ತಿಗೆ ದೊಡ್ಡ ಗಲಾಟೆಯಾಯಿತು. ಮಗ ಅದನ್ನೆಲ್ಲ ನಿಂತು ನೋಡಿದ.

ಇದಾಗಿ ಸುಮಾರು ಒಂದು ತಿಂಗಳಿಗೆ ಎರಡನೆಯ ಪರೀಕ್ಷೆ. ಪಾಲಿತೆಕ್ನಿಕ್‌ಗೆ ಎರಡು ಸಲಕ್ಕಿಂತ ಹೆಚ್ಚು ಕೂರುವಂತಿರಲಿಲ್ಲ. ನಮ್ಮ ಐ.ಐ.ಟಿ.ಗಳ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಗೂ ಇವತ್ತು ಎರಡೇ ಅವಕಾಶ, ಆದ್ದರಿಂದ ಎರಡನೆಯ ಸಲ ಅಂದರೆ ಏನು ಅನ್ನುವುದನ್ನು ಈ ಪುಟಗಳನ್ನು ಓದುವ ಕೆಲವರಿಗಾದರೂ ಬಿಡಿಸಿ ಹೇಳಬೇಕಾಗಿಲ್ಲ. ಅಂದು ಕರಿಹಲಗೆಯ ಮುಂದೆ ಏನು ನಡೆಯಿತು ಎಂಬುದಕ್ಕೆ ಹಲವು ಕಥೆಗಳಿವೆ. ದಿನೇ ಎಂಬ ಪರೀಕ್ಷಕರು ಲಾಗರಿದಮ್ ಬಗ್ಗೆ ತೀರ ಸುಲಭದ ಪ್ರಶ್ನೆ ಕೇಳಿದರೆಂದೂ, ಇದರಲ್ಲಿ ವಿವರಿಸುವುದೇನಿದೆ ಎಂದು ಗಾಲ್ವಾ ಉತ್ತರಿಸಲಿಲ್ಲವೆಂದೂ ಒಂದು ಕಥೆ. ಸಿಟ್ಟು ಬಂದು ಹಲಗೆ ಒರೆಸುವ ಬಟ್ಟೆಯನ್ನೇ ಪರೀಕ್ಷಕರ ಮುಖಕ್ಕೆ ಎಸೆದ ಅನ್ನುವುದು ಇನ್ನೊಂದು. ಎರಡನೆಯದು ಕೇಳಲು ಸ್ವಾರಸ್ಯವಾಗಿದ್ದರೂ ಅದಕ್ಕೆ ಆಧಾರವಿಲ್ಲ. ಫಲಿತಾಂಶ ಮಾತ್ರ ಖಚಿತ: ಮತ್ತೆ ನಪಾಸು. ಇಪ್ಪತ್ತು ವರ್ಷ ಕಳೆದ ಮೇಲೆ ಫ್ರೆಂಚ್ ಗಣಿತ ಪತ್ರಿಕೆಯೊಂದು, ಹೆಚ್ಚಿನ ಬುದ್ಧಿಯ ಅಭ್ಯರ್ಥಿ ಕಡಿಮೆ ಬುದ್ಧಿಯ ಪರೀಕ್ಷಕನ ಕೈಗೆ ಸಿಕ್ಕಿ ಹಾಳಾದ ಎಂಬ ಅರ್ಥ ಬರುವಂತೆ ಬರೆಯಿತು.

ಇದು ಅರ್ಧ ಸತ್ಯ ಅಂತ ನನಗನ್ನಿಸುತ್ತದೆ. ಗಾಲ್ವಾಗೆ ಲೆಕ್ಕವನ್ನು ತಲೆಯೊಳಗೇ ಮಾಡಿ, ನಡುವಿನ ನಾಲ್ಕು ಮೆಟ್ಟಿಲು ಹಾರಿ, ಉತ್ತರಕ್ಕೆ ಬಂದು ನಿಲ್ಲುವ ಅಭ್ಯಾಸ. ಹಲಗೆಯ ಮೇಲೆ ಎಲ್ಲವನ್ನೂ ಬರೆದು ತೋರಿಸುವುದು ಅವನಿಗೆ ಹಿಂಸೆ. ಎದುರಿಗೆ ಕೂತವರಿಗೆ ಹಾರಿದ ಮೆಟ್ಟಿಲುಗಳಷ್ಟೇ ಕಾಣುತ್ತವೆ. ಅಪ್ಪ ಸತ್ತು ತಿಂಗಳಾಗಿದ್ದ ಹುಡುಗನಿಗೆ ಅಂದು ತಾಳ್ಮೆಯಿಂದ ವಿವರಿಸುವ ಮನಸ್ಸು ಇದ್ದಿರಲಾರದು. ಅದನ್ನು ಬರೆದುಕೊಳ್ಳಲು ಪರೀಕ್ಷಕರ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಹುಡುಗ ಇನ್ನೆರಡು ಸಾಲು ಬರೆಯಬೇಕಿತ್ತು, ಪರೀಕ್ಷಕರು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಎರಡೂ ಆಗಲಿಲ್ಲ.

ಉಳಿದ ದಾರಿಯೆಂದರೆ ಶಾಲಾ ಮೇಷ್ಟ್ರುಗಳನ್ನು ತಯಾರಿಸುವ ಎಕೋಲ್ ಪ್ರೆಪಾರತ್ವಾರ್. ಮುಂದೆ ಅದೇ ಎಕೋಲ್ ನೊರ್ಮಾಲ್. ಮನಸ್ಸಿಲ್ಲದ ಮನಸ್ಸಿನಿಂದ ಅಲ್ಲಿಗೆ ಹೊರಟ. ಅದಕ್ಕೆ ಬ್ಯಾಚುಲರ್ ಪರೀಕ್ಷೆಗಳು ಆಗಬೇಕಿತ್ತು. 1829ರ ಡಿಸೆಂಬರ್‌ನಲ್ಲಿ ಅವನ್ನು ಕೊಟ್ಟು ಪಾಸಾದ. ಗಣಿತದ ಪರೀಕ್ಷಕರು, ಹೇಳುವುದು ಕೆಲವೊಮ್ಮೆ ಅಸ್ಪಷ್ಟ, ಆದರೆ ಬುದ್ಧಿವಂತ, ಸಂಶೋಧನೆಯ ಗುಣವಿದೆ ಎಂದು ಬರೆದರು. ಇನ್ನೊಂದು ವಿಷಯದ ಪರೀಕ್ಷಕರು, ಇವನಿಗೆ ಏನೇನೂ ಗೊತ್ತಿಲ್ಲ, ಗಣಿತದಲ್ಲಿ ಇವನು ಅಸಾಧಾರಣ ಎಂದು ಕೇಳಿ ಆಶ್ಚರ್ಯವಾಯಿತು ಎಂದರು. ಒಬ್ಬನೇ ಹುಡುಗ, ಒಂದೇ ತಿಂಗಳು, ಎರಡು ವರದಿ.

ಅತ್ತ ಅಕಾಡೆಮಿಯಲ್ಲೂ ಅದೃಷ್ಟ ಕೈಕೊಟ್ಟಿತು. ಕೋಶಿ ಗಾಲ್ವಾನ ಪ್ರಬಂಧಗಳನ್ನು ಕಳೆದುಹಾಕಿದ ಎಂದು ಬಹಳ ಕಾಲ ಹೇಳುತ್ತಿದ್ದರು. ಆದರೆ 1971ರಲ್ಲಿ ರನೇ ತಾತೋಂ ಎಂಬ ಇತಿಹಾಸಕಾರರು ಬೆಳಕಿಗೆ ತಂದ ಕೋಶಿಯ ಪತ್ರ ಬೇರೆಯೇ ಕಥೆ ಹೇಳುತ್ತದೆ. 1830ರ ಜನವರಿ 18ರ ಸಭೆಯಲ್ಲಿ ಗಾಲ್ವಾನ ಕೆಲಸದ ಬಗ್ಗೆ ಮಾತಾಡಬೇಕೆಂದಿದ್ದೆ, ಮೈ ಸರಿಯಿಲ್ಲ ಎಂದು ಕೋಶಿ ಅದರಲ್ಲಿ ತಿಳಿಸಿದ್ದ. ಮುಂದಿನ ಸಭೆಗೆ ಬಂದಾಗ ತನ್ನದೇ ಪ್ರಬಂಧ ಓದಿದ, ಗಾಲ್ವಾನ ವಿಷಯ ಎತ್ತಲಿಲ್ಲ. ಅದನ್ನು ಬೆಳೆಸಿ ಅಕಾಡೆಮಿಯ ದೊಡ್ಡ ಬಹುಮಾನಕ್ಕೆ ಕಳಿಸಲು ಅವನೇ ಸೂಚಿಸಿರಬೇಕೆಂದು ಇತಿಹಾಸಕಾರರ ಊಹೆ. ಗಾಲ್ವಾ ಫೆಬ್ರವರಿಯಲ್ಲಿ ಹಾಗೇ ಕಳಿಸಿದ. ಅಕಾಡೆಮಿಯ ಕಾರ್ಯದರ್ಶಿ ಫೂರಿಯೇ ಅದನ್ನು ಓದಲೆಂದು ಮನೆಗೆ ಒಯ್ದ, ಮೇ ತಿಂಗಳಲ್ಲಿ ತೀರಿಕೊಂಡ. ಹಸ್ತಪ್ರತಿ ಸಿಗಲೇ ಇಲ್ಲ. ಬಹುಮಾನ ಯಾಕೋಬಿಗೂ, ಹಿಂದಿನ ವರ್ಷವೇ ಇಪ್ಪತ್ತಾರರಲ್ಲಿ ಸತ್ತಿದ್ದ ಆಬೆಲ್‌ಗೂ ಹೋಯಿತು. ದುರ್ಭಿಕ್ಷದಲ್ಲಿ ಅಧಿಕಮಾಸ ಅನ್ನುತ್ತಾರಲ್ಲ, ಹಾಗೆ.

ಹೀಗಿದ್ದೂ 1830ರಲ್ಲಿ ಅವನ ಮೂರು ಲೇಖನಗಳು ಅಚ್ಚಾದವು. ಅವುಗಳಲ್ಲೊಂದು ಎಣಿಸಿ ಮುಗಿಯುವಷ್ಟೇ ಸಂಖ್ಯೆಗಳಿರುವ ಅಂಕಗಣಿತದ ಬಗ್ಗೆ. ಅವನ್ನು ಈಗ ಗಾಲ್ವಾ ಫೀಲ್ಡ್ ಎನ್ನುತ್ತಾರೆ. ಚಹದ ಅಂಗಡಿಯಲ್ಲಿ ದುಡ್ಡು ಕೊಡಲು ನಾವು ಫೋನ್ ಹಿಡಿಯುವ ಕ್ಯೂಆರ್ ಕೋಡ್, ಮಸಿ ಬಿದ್ದು ಮೂಲೆ ಹರಿದಿದ್ದರೂ ಓದಿಸಿಕೊಳ್ಳುವುದು ಆ ಅಂಕಗಣಿತದ ಬಲದಿಂದಲೇ.

1830ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಕ್ರಾಂತಿಯಾಯಿತು. ಪಾಲಿತೆಕ್ನಿಕ್ ಹುಡುಗರು ಬೀದಿಗಿಳಿದು ಜನರ ಮುಂದಾಳಾಗಿ ನಿಂತು ಹೆಸರು ಮಾಡಿದರು. ಗಾಲ್ವಾನ ಶಾಲೆಯ ನಿರ್ದೇಶಕರು ಮಾತ್ರ ಗೇಟಿಗೆ ಬೀಗ ಹಾಕಿ ತಮ್ಮ ಹುಡುಗರನ್ನು ಒಳಗೆ ಕೂಡಿದರು. ಪರೀಕ್ಷೆಯ ನಪಾಸು ಅವನಿಗೆ ಈಗ ಎರಡನೆಯ ಸಲ ಚುಚ್ಚಿತು: ತಾನು ಇರಬೇಕಾಗಿದ್ದ ಶಾಲೆಯವರು ಬೀದಿಯಲ್ಲಿ, ತಾನು ಗೋಡೆಯ ಒಳಗೆ. ಡಿಸೆಂಬರ್‌ನಲ್ಲಿ ನಿರ್ದೇಶಕರನ್ನು ಹಳಿದು ಪತ್ರಿಕೆಗೆ ಕಾಗದ ಬರೆದ, ಶಾಲೆಯಿಂದ ಹೊರಬಿದ್ದ.

ಹೊರಬಿದ್ದ ಕೂಡಲೇ ಅವನು ಮಾಡಿದ ಎರಡು ಕೆಲಸ ಗಮನಿಸಬೇಕು. 1831ರ ಜನವರಿಯಲ್ಲಿ ವಿಜ್ಞಾನದ ಬೋಧನೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದ. ವಿದ್ಯಾರ್ಥಿಗೆ ಇಡೀ ದಿನ ಕೇಳಿಸಿಕೊಳ್ಳುವುದು, ಒಪ್ಪಿಸುವುದು ಇಷ್ಟೇ ಆಗಿದೆ, ಕೂತು ಯೋಚಿಸಲು ಹೊತ್ತೇ ಕೊಡುವುದಿಲ್ಲ; ಪರೀಕ್ಷಕರು ಪ್ರಶ್ನೆಗಳನ್ನು ಬೇಕೆಂದೇ ಗೋಜಲು ಮಾಡಿ ಕೇಳುತ್ತಾರೆ; ಇದರಿಂದ ಹುಡುಗರು ಕಲಿಯುವುದಕ್ಕಿಂತ ಪಾಸಾಗುವುದರ ಕಡೆಗೇ ಗಮನ ಕೊಡುವ ಹಾಗಾಗಿದೆ ಎಂಬುದು ಅವನ ದೂರು. ಬರೆದವನಿಗೆ ಹತ್ತೊಂಬತ್ತು. ಕೋಚಿಂಗ್ ಕ್ಲಾಸಿನ ದಪ್ಪ ದಪ್ಪ ನೋಟ್ಸ್ ಕಟ್ಟುಗಳನ್ನು ಹೊತ್ತು ತಿರುಗುವ ನಮ್ಮ ಹುಡುಗರು ಇಂದು ಬರೆದರೂ ಇದನ್ನೇ ಬರೆದಾರು. ಎರಡನೆಯದು, ಸೊರ್ಬೋನ್ ಬೀದಿಯ ಪುಸ್ತಕದಂಗಡಿಯೊಂದರಲ್ಲಿ ಬೀಜಗಣಿತದ ಪಾಠ ಶುರು ಮಾಡಿದ. ಮೊದಲ ದಿನ ಸುಮಾರು ನಲವತ್ತು ಜನ ಬಂದರು. ಆಮೇಲೆ ಅದು ಮುಂದುವರಿಯಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಸೊಫೀ ಜೆರ್ಮೇನ್ ಒಂದು ಪತ್ರದಲ್ಲಿ ಈ ಹುಡುಗನ ವಿಚಾರ ಬರೆದಳು: ಕೈಯಲ್ಲಿ ಕಾಸಿಲ್ಲ, ಪೂರಾ ಹುಚ್ಚನಾದಾನೆಂದು ಜನ ಹೇಳುತ್ತಿದ್ದಾರೆ, ತನಗೂ ಅದೇ ಭಯ ಅಂತ. ಆ ಬಾಗಿಲಿನ ಹೊರಗೇ ಇಡೀ ಬದುಕು ಕಳೆದವಳು ಅವಳು. ಹೊರಗುಳಿದವನ ಪಾಡು ಅವಳಿಗೆ ತಿಳಿಯಿತು.

ಪ್ರಬಂಧವನ್ನು ಮೂರನೆಯ ಸಲ ಬರೆದು 1831ರ ಜನವರಿಯಲ್ಲಿ ಅಕಾಡೆಮಿಗೆ ಕೊಟ್ಟಿದ್ದ. ಈ ಸಲ ಓದುವ ಕೆಲಸ ಪ್ವಾಸೋಂಗೆ ಬಂತು. ಸಿಪಾಯಿಯ ಮಗನಾಗಿ ಹುಟ್ಟಿ, ಪ್ರವೇಶ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದಿದ್ದವನು ಎರಡು ಸಲ ನಪಾಸಾದವನ ಬರಹ ಓದಿದ. ಜುಲೈನಲ್ಲಿ ವರದಿ ಬಂತು: ಎಷ್ಟು ಪ್ರಯತ್ನಿಸಿದರೂ ವಾದ ಅರ್ಥವಾಗಲಿಲ್ಲ, ಸಾಕಷ್ಟು ಸ್ಪಷ್ಟವಾಗಿಲ್ಲ, ಲೇಖಕ ಪೂರ್ತಿ ಕೃತಿ ಪ್ರಕಟಿಸಿದ ಮೇಲೆ ಅಭಿಪ್ರಾಯ ಹೇಳಬಹುದು. ಪ್ವಾಸೋಂ ದಡ್ಡನಲ್ಲ, ದ್ವೇಷಿಯೂ ಅಲ್ಲ. ಕರಿಹಲಗೆಯ ಮುಂದೆ ಹಾರಿದ ಮೆಟ್ಟಿಲುಗಳೇ ಕಾಗದದ ಮೇಲೂ ಹಾರಿದ್ದವು.

ವರದಿ ಬರುವ ಹೊತ್ತಿಗೆ ಗಾಲ್ವಾ ರಾಜಕೀಯದಲ್ಲಿ ಮುಳುಗಿಹೋಗಿದ್ದ. ಮೇ ತಿಂಗಳಲ್ಲಿ ಒಂದು ಔತಣದಲ್ಲಿ ಕೈಯಲ್ಲಿ ಚೂರಿ ಹಿಡಿದು ರಾಜ ಲೂಯಿ ಫಿಲಿಪ್ಪನ ಹೆಸರಿನಲ್ಲಿ ಪಾನಪಾತ್ರೆ ಎತ್ತಿದ್ದಕ್ಕೆ ಹಿಡಿದರು, ನ್ಯಾಯಾಲಯ ಬಿಟ್ಟಿತು. ಜುಲೈ 14ರಂದು ನಿಷೇಧಿತ ಪಡೆಯ ಸಮವಸ್ತ್ರ ತೊಟ್ಟು ಮೆರವಣಿಗೆಯಲ್ಲಿ ಹೋದದ್ದಕ್ಕೆ ಮತ್ತೆ ಹಿಡಿದು ಸಾಂತ್ ಪೆಲಾಜಿ ಜೈಲಿಗೆ ಹಾಕಿದರು. ಆರು ತಿಂಗಳ ಶಿಕ್ಷೆಯಾಯಿತು. ಅಲ್ಲೂ ಗಣಿತ ಬರೆಯುತ್ತಲೇ ಇದ್ದ. 1832ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಂದಾಗ ಅವನನ್ನು ಒಂದು ಆರೈಕೆ ಮನೆಗೆ ಸಾಗಿಸಿದರು. ಅಲ್ಲಿ ಸ್ತೆಫನೀ ಎಂಬ ಹುಡುಗಿಯ ಪರಿಚಯವಾಯಿತು. ಅವಳ ಕಡೆಯಿಂದ ನಿರಾಕರಣೆಯೂ ಬಂತು. ಏಪ್ರಿಲ್ ಕೊನೆಗೆ ಬಿಡುಗಡೆ. ಮೇ ಕೊನೆಗೆ ಒಂದು ದ್ವಂದ್ವಯುದ್ಧದ ಕರೆ.

ಮೇ 29ರ ರಾತ್ರಿ ಅವನು ಗೆಳೆಯ ಒಗ್ಯುಸ್ತ್ ಶೆವಾಲಿಯೇಗೆ ದೀರ್ಘ ಪತ್ರ ಬರೆದ. ಇಡೀ ಸಿದ್ಧಾಂತವನ್ನು ಆ ಒಂದೇ ರಾತ್ರಿಯಲ್ಲಿ ಬರೆದ ಅನ್ನುವುದು ಕಟ್ಟುಕಥೆ. ಮೂರು ವರ್ಷ ಮಾಡಿದ ಕೆಲಸದ ಸಾರಾಂಶ ಅದು. ಪ್ವಾಸೋಂ ಹಿಂದಿರುಗಿಸಿದ್ದ ಪ್ರಬಂಧವನ್ನೂ ತಿದ್ದಿದ. ಒಂದು ಕಡೆ ಸಾಧನೆಯಲ್ಲಿ ಕೊರತೆಯಿದೆ, ತುಂಬಲು ಹೊತ್ತಿಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿದ. ಮೆಟ್ಟಿಲು ಬಿಟ್ಟದ್ದು ಅವನಿಗೆ ಕಂಡಿತು. ಕಟ್ಟಲು ರಾತ್ರಿ ಉಳಿದಿರಲಿಲ್ಲ. ಯಾಕೋಬಿ ಇಲ್ಲವೆ ಗೌಸ್ ಇದನ್ನು ನೋಡಲಿ, ಸರಿಯೋ ತಪ್ಪೋ ಎಂದಲ್ಲ, ಇದರ ಮಹತ್ವವೆಷ್ಟು ಎಂದು ಹೇಳಲಿ ಎಂಬುದು ಅವನ ಕೊನೆಯ ಕೋರಿಕೆ. ಮರುದಿನ ಬೆಳಿಗ್ಗೆ ಹೊಟ್ಟೆಗೆ ಗುಂಡು ಬಿತ್ತು. ದಾರಿಹೋಕನೊಬ್ಬ ಕಂಡು ಕೊಶೇಂ ಆಸ್ಪತ್ರೆಗೆ ಸೇರಿಸಿದ. ತಮ್ಮ ಆಲ್ಫ್ರೆದ್ ಓಡಿಬಂದ. 1832ರ ಮೇ 31ರಂದು ಗಾಲ್ವಾ ತೀರಿಕೊಂಡ. ಮೊಂಪಾರ್ನಾಸ್ ಸ್ಮಶಾನದ ಸಾಮಾನ್ಯರ ಗುಂಡಿಯಲ್ಲಿ ಹೂಳಿದರು. ಗುರುತಿಗೊಂದು ಕಲ್ಲೂ ಇರಲಿಲ್ಲ.

ತಮ್ಮನೂ ಗೆಳೆಯನೂ ಕೂತು ಕಾಗದಗಳನ್ನು ನಕಲು ಮಾಡಿಟ್ಟರು. ಹನ್ನೊಂದು ವರ್ಷದ ನಂತರ ಅವು ಲಿಯೂವಿಲ್ ಎಂಬ ಗಣಿತಜ್ಞನ ಕೈಗೆ ಬಂದಿದ್ದವು. ಅವನೂ ಪಾಲಿತೆಕ್ನಿಕ್‌ನವನೇ. ಅವನು ಬಿಟ್ಟ ಮೆಟ್ಟಿಲುಗಳನ್ನು ತಾನೇ ತುಂಬಿಕೊಳ್ಳುತ್ತ ಓದಿ, ಸಾಧನೆ ಸರಿಯಾಗಿದೆ ಎಂದು 1843ರಲ್ಲಿ ಅಕಾಡೆಮಿಗೆ ತಿಳಿಸಿ, 1846ರಲ್ಲಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದ. 1870ರಲ್ಲಿ ಕಮೀಲ್ ಜೊರ್ದಾನ್ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. 1909ರ ಜೂನ್‌ನಲ್ಲಿ ಬೂರ್-ಲಾ-ರೇನ್‌ನ ಹುಟ್ಟಿದ ಮನೆಗೆ ಫಲಕ ಹಾಕಿದರು. ಆ ದಿನ ಎಕೋಲ್ ನೊರ್ಮಾಲ್ ಪರವಾಗಿ ಜೂಲ್ ತಾನರಿ ಎಂಬ ಗಣಿತಜ್ಞರು, ತಮ್ಮ ಸಂಸ್ಥೆ ಆ ಹುಡುಗನನ್ನು ಅರ್ಥಮಾಡಿ­ಕೊಳ್ಳದೆ ಹೊರಹಾಕಿದ್ದಕ್ಕೆ ಊರವರ ಮುಂದೆ ಕ್ಷಮೆ ಕೇಳಿದರು. ಆಗ ಬದುಕಿದ್ದರೆ ಗಾಲ್ವಾಗೆ ತೊಂಬತ್ತೇಳು ವರ್ಷ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ರಿಶಾರ್ ಮೇಷ್ಟ್ರು ತೆಗೆದಿಟ್ಟಿದ್ದ ಗಾಲ್ವಾನ ಹಾಳೆಗಳನ್ನು ಕೊನೆಗೆ ತಮ್ಮ ಇನ್ನೊಬ್ಬ ಶಿಷ್ಯನಿಗೆ ಕೊಟ್ಟರು. ಅವನು ಶಾರ್ಲ್ ಎರ್ಮಿತ್, ಹರ್ಮೀಶಿಯನ್ ಮ್ಯಾಟ್ರಿಕ್ಸ್ ಎಂದು ನಾವು ಓದುವುದು ಇವನ ಹೆಸರಿನಿಂದ. ಇವನೂ ಲೂಯಿ-ಲ-ಗ್ರಾಂನಲ್ಲಿ ಪಠ್ಯ ಬಿಟ್ಟು ಲಗ್ರಾಂಜನನ್ನು ಓದಿದವನು. 1842ರಲ್ಲಿ ಪಾಲಿತೆಕ್ನಿಕ್ ಪರೀಕ್ಷೆಯಲ್ಲಿ ಅರವತ್ತೆಂಟನೆಯವನಾಗಿ ಹೇಗೋ ಒಳಗೆ ಹೋದ. ಕಾಲು ಊನವಿದೆ ಎಂಬ ಕಾರಣಕ್ಕೆ ಅಡ್ಡಿಗಳು ಎದುರಾಗಿ ಒಂದೇ ವರ್ಷಕ್ಕೆ ಬಿಟ್ಟು ಬಂದ. ಅದೇ ಎರ್ಮಿತ್‌ನನ್ನು 1848ರಲ್ಲಿ ಪಾಲಿತೆಕ್ನಿಕ್ ಕರೆಯಿತು, ಪ್ರವೇಶ ಪರೀಕ್ಷೆಯ ಪರೀಕ್ಷಕನಾಗಿ.

ಗಾಲ್ವಾನ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡ ಒಬ್ಬನು ಕರಿಹಲಗೆಯ ಈಚೆ ಕಡೆಯ ಕುರ್ಚಿಯಲ್ಲಿ ಕೂತ. ಗೆಳೆಯರೆ, ಈ ವರ್ಷ ನಮ್ಮಲ್ಲಿ ಕೆಲವರು ಹಲಗೆಯ ಆಚೆ ಕಡೆ ನಿಲ್ಲುತ್ತಾರೆ. ಅವರು ನಡುವಿನ ಮೆಟ್ಟಿಲುಗಳನ್ನೂ ಬರೆಯಲಿ. ಇನ್ನು ಹತ್ತು ಹದಿನೈದು ವರ್ಷಕ್ಕೆ ನಮ್ಮಲ್ಲೇ ಕೆಲವರು ಈಚೆ ಕಡೆ ಕೂರುತ್ತಾರೆ. ಎದುರಿಗೆ ನಿಂತ ಹುಡುಗನೋ ಹುಡುಗಿಯೋ ತಡವರಿಸಿದಾಗ, ಪಟ್ಟಿಯಲ್ಲಿ ಗೆರೆ ಎಳೆಯುವ ಮೊದಲು ಇನ್ನೊಂದು ಪ್ರಶ್ನೆ ಕೇಳುವುದು ಅವರ ಕೈಯಲ್ಲಿರುತ್ತದೆ.